ಮುಖ ಬೇಕು, ಹೆಸರು ಬ್ಯಾಡ

ದುರ್ಗದಬೈಲಿನಲ್ಲಿ ಸಂಜೆ ಏಳರ ಮೇಲೆ ಕಾಲಿಡಲು ಜಾಗ ಇರುವುದಿಲ್ಲ. ತಳ್ಳುಗಾಡಿಗಳ ಎಣ್ಣೆಹೊಗೆ, ಮಿರ್ಚಿ, ಗಿರ್ಮಿಟ್ಟು, ಬಟ್ಟೆಯಂಗಡಿಯವರ ಕೂಗು. ಹೋಳಿ ಮುಗಿದ ವಾರ, ಆ ಗದ್ದಲದ ಒಂದು ಮೂಲೆಯಲ್ಲಿ ಐದಾರು ಮಂದಿ ಫೋಟೊ ತೆಗೆಯುವವರು ಚಹಾ ಕುಡಿಯುತ್ತ ಒಬ್ಬರ ಚಿತ್ರ ಒಬ್ಬರಿಗೆ ತೋರಿಸುತ್ತ ಕೂತಿದ್ದರು. ನಾನೂ ಇದ್ದೆ. ನನ್ನ ಜೊತೆ ಮಾಸ್ತರಿಕೆ ಮಾಡುವ ಗೆಳೆಯನೊಬ್ಬನಿಗೆ ಕ್ಯಾಮರಾದ ಹುಚ್ಚು, ಅವನೇ ಎಳೆದುಕೊಂಡು ಹೋಗಿದ್ದ.

ಫೋನು ಕೈಯಿಂದ ಕೈಗೆ ಹೋಗುತ್ತಿತ್ತು. ಮೊದಲು ಒಂದು ತಂಬೂರಿ. ಕಿಟಕಿಯ ಬೆಳಕಿನಲ್ಲಿ ಅದರ ಬುರುಡೆಯ ಹೊಳಪು. "ಭೇಷ್!" ಆಮೇಲೆ ಒಂದು ತಬಲಾ, ಕರಿ ಕರಣೆಯ ಮೇಲೆ ಬೆರಳಿನ ನೆರಳು. "ವಾಹ್!" ಆಮೇಲೆ ಒಬ್ಬ ಮುದುಕ. ತಲೆಗೆ ರುಮಾಲು, ಮೋರೆಯ ಪಕ್ಕಕ್ಕೇ ಎತ್ತಿ ಹಿಡಿದ ಹಲಗಿ, ಹಿಂದೆ ಬೆಂಕಿಯ ಹೊಗೆ. ಎಲ್ಲರೂ ಒಮ್ಮೆಗೇ ಬಾಗಿದರು. "ಏನ್ ಲೈಟ್ ಬಿದ್ದೈತ್ರೀ!" "ಸುಕ್ಕು ನೋಡ್ರಿ, ಒಂದೊಂದು ಎಣಸಬಹುದು."

ನಾನು ಕೇಳಿದೆ: "ಇವರ ಹೆಸರೇನ್ರಿ?"

"ಹೆಸರು ಕೇಳಲಿಲ್ರಿ. ನೀವು ಎಕ್ಸ್‌ಪ್ರೆಶನ್ ನೋಡ್ರಿ."

ನನಗೆ ಹೆಸರು ಗೊತ್ತಿತ್ತು. ಅವರು ನಮ್ಮ ಕೇರಿಯವರು. ನನ್ನಪ್ಪನ ಜೊತೆ ಮೂವತ್ತು ವರ್ಷ ಹಲಗಿ ಬಡಿದವರು.

ಗೆಳೆಯರೇ, ಒಬ್ಬರ ಕೆಲಸವನ್ನು ಒಬ್ಬರು ಮೆಚ್ಚುವುದು ತಪ್ಪೆಂದು ನಾನು ಹೇಳುತ್ತಿಲ್ಲ. ನಮ್ಮ ಕವಿಗಳೂ ಅದನ್ನೇ ಮಾಡುತ್ತಾರೆ, ಸ್ವಲ್ಪ ಜಾಸ್ತಿಯೇ ಮಾಡುತ್ತಾರೆ. ಆದರೆ ಈ ಮೆಚ್ಚುಗೆಯ ಪಂಕ್ತಿಯಲ್ಲಿ ಯಾರ್‍ಯಾರಿಗೆ ಎಲೆ ಹಾಕಿದ್ದೀರಿ? ತೆಗೆದವನಿಗೆ ಭೇಷ್, ನೋಡಿದವನಿಗೆ ರಸಿಕ ಎಂಬ ಬಿರುದು. ಮುಖ ಕೊಟ್ಟವನು ಮಾತ್ರ ಹೊರಗೆ. ಅವನ ಸುಕ್ಕು ಒಳಗೆ ಬರಬಹುದು, ಅವನು ಬರಬಾರದು. ಈ ಪದ್ಧತಿ ನಮಗೆ ಹೊಸದಲ್ಲ. ಹಲಗಿಯ ಸಪ್ಪಳ ಗುಡಿಯೊಳಗೆ ಹೋಗಬಹುದಿತ್ತು, ಬಡಿದವನು ಕಟ್ಟೆಯ ಕೆಳಗೇ ನಿಲ್ಲಬೇಕಿತ್ತು.

ಇದೇ ಹುಬ್ಬಳ್ಳಿಯಲ್ಲಿ ಗಂಗೂಬಾಯಿ ಹಾನಗಲ್ಲರು 2009ರವರೆಗೆ ಬದುಕಿದ್ದರು. ತಂಬೂರಿ ಹಿಡಿದ ಅವರ ಚಿತ್ರವನ್ನು ಹೆಸರಿಲ್ಲದೆ ಯಾವನಾದರೂ ಹಂಚಿಕೊಂಡಾನೇನು? ಆ ಹೆಸರೂ ಸುಮ್ಮನೆ ಬಂದದ್ದಲ್ಲ. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧಿಯ ಎದುರು ಹಾಡಿದಾಗ ಅವರಿನ್ನೂ ಹುಡುಗಿ. ಕೆಳಜಾತಿಯವಳೆಂದು ಊಟವಾದ ಮೇಲೆ ತನ್ನಿಂದ ಜಾಗ ಬಳಿಸುವರೋ ಏನೋ ಎಂಬ ಅಂಜಿಕೆ ಅವರಿಗಿತ್ತು. ಆ ಅಂಜಿಕೆಯಿಂದ ಆ ಹೆಸರಿಗೆ ಬರಲು ಒಂದು ಜೀವಮಾನ ಬೇಕಾಯಿತು. ಹಲಗಿಯವನಿಗೆ ಆ ದಾರಿಯೂ ಇಲ್ಲ. ಅವನದು ಘರಾಣೆ ಅಲ್ಲವಲ್ಲ, ಕೇರಿ.

ಹೆಸರಿಲ್ಲದ ಮುಖ ಎಲ್ಲಿಂದ ಶುರುವಾಯಿತು ಅನ್ನುವುದನ್ನೂ ನೋಡಬೇಕು. 1868ರಿಂದ 1875ರವರೆಗೆ ಬ್ರಿಟಿಷರು 'ದಿ ಪೀಪಲ್ ಆಫ್ ಇಂಡಿಯಾ' ಎಂಬ ಎಂಟು ಸಂಪುಟ ತಂದರು. ತುಂಬ ಮುಖಗಳು. ಹಲವರ ಕೆಳಗೆ ಬರೆದದ್ದು ಜಾತಿ, ಬುಡಕಟ್ಟು, ಊರು ಮಾತ್ರ. 1909ರಲ್ಲಿ ಎಡ್ಗರ್ ಥರ್ಸ್ಟನ್ ದಕ್ಷಿಣ ಭಾರತದ ಜಾತಿಗಳ ಏಳು ಸಂಪುಟ ತಂದ. ಅವನು ಮೂಗು, ತಲೆಬುರುಡೆಗಳನ್ನೂ ಅಳೆದ. ಅವರಿಗೆ ಮನುಷ್ಯ ಬೇಕಿರಲಿಲ್ಲ, ನಮೂನೆ ಬೇಕಿತ್ತು. ಇವತ್ತು 'ಜಾನಪದ ಸೊಗಡು' ಎಂದು ಬರೆದು ನಮ್ಮ ಮುದುಕನನ್ನು ಹಂಚುವವರು ಥರ್ಸ್ಟನ್ನನ ಮೊಮ್ಮಕ್ಕಳೇ. ಕೈಯಲ್ಲಿ ಅಳತೆಪಟ್ಟಿ ಇಲ್ಲ, ಲೆನ್ಸ್ ಇದೆ, ಅಷ್ಟೇ ಫರಕು.

ವಾದ್ಯದ ಫೋಟೊ ತೆಗೆಯುವವರು ಇನ್ನೂ ಜಾಣರು. ಅಲ್ಲಿ ಮನುಷ್ಯನೇ ಇಲ್ಲ, ಹಾಗಾಗಿ ಪ್ರಶ್ನೆಯೂ ಇಲ್ಲ. ಆ ತಂಬೂರಿ ಬಹುಮಟ್ಟಿಗೆ ಮೀರಜಿನದು. ಅಲ್ಲಿಯ ಶಿಕಲಗಾರರು ಮೊದಲು ಕತ್ತಿ, ಆಯುಧ ಸಾಣೆ ಹಿಡಿಯುತ್ತಿದ್ದ ಮುಸ್ಲಿಂ ಕುಶಲಿಗಳು. ಆಮೇಲೆ ಅದೇ ಕೈ ಸೋರೆಬುರುಡೆ ಕೊರೆಯಿತು, ಕುದುರೆ ಉಜ್ಜಿ ಜವಾರಿ ತೆಗೆಯಿತು. 2024ರಲ್ಲಿ ಮೀರಜಿನ ಸಿತಾರು, ತಂಬೂರಿಗಳಿಗೆ ಭೌಗೋಳಿಕ ಗುರುತು ಸಿಕ್ಕಿತು. ಒಳ್ಳೇದಾಯ್ತು. ಊರಿಗೆ ಹೆಸರು ಬಂತು.

ತೊಗಲಿನ ವಾದ್ಯಕ್ಕೆ ಬಂದರೆ ಅದೂ ಇಲ್ಲ. ಮೃದಂಗಕ್ಕೆ ಆಕಳು, ಎಮ್ಮೆ, ಆಡು ಮೂರರ ತೊಗಲೂ ಬೇಕು. ಸಿ.ವಿ. ರಾಮನ್ 1920ರಲ್ಲಿ ನಮ್ಮ ಚರ್ಮವಾದ್ಯಗಳ ಬಗ್ಗೆ ಬರೆದರು. ಬರೀ ತೊಗಲು ಬಿಗಿದರೆ ಸಪ್ಪಳ ಬರುತ್ತದೆ, ಸ್ವರ ಬರುವುದಿಲ್ಲ. ನಡುವೆ ಕರಣೆಯ ಭಾರ ಹಾಕಿದಾಗ ಮೇಲ್ಸ್ವರಗಳು ಮೂಲಸ್ವರದ ಎರಡರಷ್ಟು, ಮೂರರಷ್ಟು ಎಂದು ಲೆಕ್ಕಕ್ಕೆ ಬಂದು ಕೂರುತ್ತವೆ. ಮಾಸ್ತರರೇ, ಇದನ್ನು ನಿಮ್ಮ ವಿಜ್ಞಾನದ ತಾಸಿನಲ್ಲಿ ಹೇಳಿ. ಹೇಳುವಾಗ ಇನ್ನೊಂದು ಮಾತೂ ಸೇರಿಸಿ: ರಾಮನ್ ವಿವರಿಸುವ ಎಷ್ಟೋ ಶತಮಾನ ಮೊದಲೇ ಯಾವುದೋ ಕೈ ಇದನ್ನು ಕಂಡುಹಿಡಿದಿತ್ತು. ಆ ಕೈಗೆ ಅಕ್ಷರ ಕೊಡಲಿಲ್ಲ, ಆದ್ದರಿಂದ ಅದು ಬರೆದಿಡಲಿಲ್ಲ.

ಟಿ.ಎಂ. ಕೃಷ್ಣ 2020ರಲ್ಲಿ ಮೃದಂಗ ಮಾಡುವ ದಲಿತ ಕ್ರೈಸ್ತ ಕುಟುಂಬಗಳ ಬಗ್ಗೆ 'ಸೆಬಾಸ್ಟಿಯನ್ ಅಂಡ್ ಸನ್ಸ್' ಎಂಬ ಪುಸ್ತಕ ಬರೆದರು. ಚೆನ್ನೈನ ಕಲಾಕ್ಷೇತ್ರ ಬಿಡುಗಡೆಗೆ ಕೊಟ್ಟಿದ್ದ ಸಭಾಂಗಣವನ್ನು ಹಿಂದಕ್ಕೆ ತೆಗೆದುಕೊಂಡಿತು. ಮೃದಂಗ ಬೇಕು, ಅದರ ತೊಗಲಿನ ಸುದ್ದಿ ಬ್ಯಾಡ.

ಚಿತ್ರ ಹಂಚಿಕೊಂಡು ಮೆಚ್ಚುವ ಚಟ ಎಲ್ಲಿಯವರೆಗೆ ಹೋಗಬಲ್ಲದು ಅನ್ನುವುದಕ್ಕೆ ಊನಾ ಇದೆ. 2016ರ ಜುಲೈನಲ್ಲಿ ಗುಜರಾತಿನ ಊನಾದಲ್ಲಿ ಸತ್ತ ಆಕಳಿನ ತೊಗಲು ಸುಲಿದ ದಲಿತ ಹುಡುಗರನ್ನು ಹೊಡೆದರಲ್ಲ, ಆ ವಿಡಿಯೊ ಹರಿದಾಡಿಸಿದವರು ಹೊಡೆದವರ ಕಡೆಯವರೇ. ಅವರಿಗೆ ಅದು ಹೆಮ್ಮೆಯ ಚಿತ್ರ. ಅವರಿಗೂ ಭೇಷ್ ಅನ್ನುವವರು ಸಿಕ್ಕಿದ್ದರು. ದುರ್ಗದಬೈಲಿನ ಈ ಗೆಳೆಯರು ಅಂಥವರಲ್ಲ, ಒಳ್ಳೆಯವರೇ. ನನ್ನ ಚಹಾದ ದುಡ್ಡೂ ಕೊಟ್ಟರು. ಆದರೆ ಹಲಗಿಯ ಚಂದ ಹೀರಿ, ಹಲಗಿ ಹುಟ್ಟುವ ಕಷ್ಟವನ್ನು ಚೌಕಟ್ಟಿನ ಹೊರಗೆ ಇಡುವುದು ಒಳ್ಳೆಯತನದಿಂದಲೂ ಆಗುತ್ತದೆ. ನಮ್ಮ ರಾಜ್ಯಕ್ಕೆ 2020ರ ಜಾನುವಾರು ಹತ್ಯೆ ತಡೆ ಕಾನೂನು ಬಂದ ಮೇಲೆ ತೊಗಲು ಹೊತ್ತು ನಡೆಯುವವನ ಎದೆ ಹೇಗೆ ಹೊಡೆದುಕೊಳ್ಳುತ್ತದೆ ಎಂದು ಯಾವ ಲೆನ್ಸಿಗೆ ಕಂಡಿದೆ? ಈಗ ಪೇಟೆಯಲ್ಲಿ ಹೋಳಿಗೆ ಪ್ಲಾಸ್ಟಿಕ್ ಹಲಗಿಯೇ ರಾಶಿ. ಬ್ಯಾಹಟ್ಟಿಯ ಜಗ್ಗಲಗಿ ಉರುಳಿ ಬಂದರೆ ಕ್ಯಾಮರಾಗಳು ಓಡಿಬರುತ್ತವೆ. ಬರಲಿ. ಗಾಲಿಯಷ್ಟು ದೊಡ್ಡ ಆ ಚೌಕಟ್ಟಿಗೆ ತೊಗಲು ಬಿಗಿದವನ ಕೈ ಎಷ್ಟು ದಿನ ನಾರಿತ್ತು ಎಂದೂ ಕೇಳಲಿ.

ನಮ್ಮೊಳಗೂ ಈ ಹಲಗಿಯ ಜಗಳ ಹಳೆಯದು. ಎಪ್ಪತ್ತು-ಎಂಬತ್ತರ ದಶಕದಲ್ಲಿ ಸಂಘಟನೆ ಊರೂರಿಗೆ ಬಂದಾಗ ಕೆಲವರು, ಇದು ಬಿಟ್ಟಿಚಾಕರಿಯ ಗುರುತು, ಹೆಣದ ಮುಂದೆ ಇನ್ನು ಬಡಿಯುವುದಿಲ್ಲ ಎಂದು ಬಿಸಾಕಿದರು. ಇನ್ನು ಕೆಲವರು ಅದನ್ನೇ ಎತ್ತಿಕೊಂಡು ಮೆರವಣಿಗೆಯ ಮುಂದೆ ಬಡಿದರು. ಎರಡೂ ಸರಿ ಅಂತ ನನಗೆ ಅನಿಸುತ್ತದೆ. ಬಾಬಾಸಾಹೇಬರು ವಯಸ್ಸಾದ ಮೇಲೆ ಪಿಟೀಲು ಕಲಿತರು. ಯಾವ ವಾದ್ಯ ಹಿಡಿಯಬೇಕು ಎಂದು ತಾನೇ ತೀರ್ಮಾನಿಸುವ ಮನುಷ್ಯ ಅದು. ನನ್ನಪ್ಪನಿಗೆ ಆ ತೀರ್ಮಾನ ಸಿಗಲಿಲ್ಲ. ಅವನದು ಇರುವುದು ಒಂದೇ ಫೋಟೊ, ಮತದಾರರ ಚೀಟಿಯದು, ಕಣ್ಣು ಅರ್ಧ ಮುಚ್ಚಿದೆ. ಅವನೂ ಎಷ್ಟೋ ಕ್ಯಾಮರಾಗಳ ಮುಂದೆ ಹಲಗಿ ಬಡಿದಿದ್ದ. ಆ ಚಿತ್ರಗಳು ಯಾರ ಮನೆಯಲ್ಲಿವೆಯೋ. ನಮ್ಮ ಗೋಡೆಗೆ ಒಂದೂ ಬರಲಿಲ್ಲ.

ನಾನು ಕೇಳುವುದು ದೊಡ್ಡದೇನಲ್ಲ. ಮುಖ ತೆಗೆದರೆ ಹೆಸರು ಕೇಳಿ. ಬರೆಯಲೇ, ಹಂಚಲೇ ಎಂದೂ ಕೇಳಿ. ಒಲ್ಲೆ ಅಂದರೆ ಬಿಡಿ. ಒಂದು ಪ್ರತಿ ತಂದುಕೊಡಿ. ಬಹುಮಾನ ಬಂದರೆ ಪಾಲು ಕೊಡಿ. ಮತ್ತು ಚಿತ್ರ ಹೇಗಿದೆ ಎಂದು ಅವನನ್ನೂ ಕೇಳಿ.

ನಾನು ಕೇಳಿದೆ. ಆ ಚಿತ್ರ ಇಸಕೊಂಡು ಅಲ್ಲೇ ಪೇಟೆಯ ಒಂದು ಸ್ಟುಡಿಯೋದಲ್ಲಿ ಪ್ರಿಂಟು ಹಾಕಿಸಿ ಊರಿಗೆ ಒಯ್ದೆ. ಅಜ್ಜ ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು.

"ಹಲಗಿ ಕಾಯ್ದಿಲ್ಲ ಇನ್ನೂ. ಇದರಾಗ ದನಿ ಬರೂದಿಲ್ಲ," ಅಂದರು. "ಮಾರಿ ಹಂತ್ಯಾಕ ಹಿಡಿ ಅಂದ ಅವ, ಹಿಡದೆ. ಹಿಂಗ ಹಿಡದ್ರ ಬಡಿಯಾಕ ಬರತೈತೇನ?"

ಆಮೇಲೆ ದನಿ ತಗ್ಗಿಸಿ ಕೇಳಿದರು: "ಮಾಸ್ತರ, ಹಲಗಿ ತಗದು ಮಾರಿ ಅಷ್ಟ ಮಾಡಿಸಿ ಕೊಡ್ತೀಯೇನು? ಮೊಮ್ಮಗಳ ನೋಡಾಕ ಬೀಗರು ಬರಾವ್ರದಾರ."

ಮರುದಿನ ಅದೇ ಸ್ಟುಡಿಯೋಕ್ಕೆ ಹೋಗಿ ಮಾಡಿಸಿಕೊಂಡು ಬಂದೆ.