ರಾಕೆಟ್ಟಿನ ದುಡ್ಡು, ಮಾಮನ ಬೋಟು

ಕಳೆದ ತಿಂಗಳು ನಮ್ಮ ಕಾಲೇಜಿನ ಚರ್ಚಾ ಸ್ಪರ್ಧೆಯ ವಿಷಯ ನಿಮಗೆ ನೆನಪಿರಬಹುದು: 'ಬಾಹ್ಯಾಕಾಶ ಸಂಶೋಧನೆಗೆ ಮಾಡುವ ಖರ್ಚು ಸಾರ್ಥಕವೇ?' ಚೀಟಿ ಎತ್ತಿದಾಗ ನನಗೆ ಬಂದದ್ದು 'ಅಲ್ಲ' ಎನ್ನುವ ಪಕ್ಷ. ಚಂದ್ರಯಾನ-3ಕ್ಕೆ ಸುಮಾರು 615 ಕೋಟಿ ರೂಪಾಯಿ ಖರ್ಚಾಗಿದೆ, ಒಂದು ತರಗತಿ ಕೊಠಡಿಗೆ 15 ಲಕ್ಷ ಎಂದು ಹಿಡಿದರೂ ಆ ದುಡ್ಡಿನಲ್ಲಿ 4,100 ಕೊಠಡಿ ಕಟ್ಟಬಹುದಿತ್ತು ಎಂದೆ. ಜೋರಾದ ಚಪ್ಪಾಳೆ ಬಿತ್ತು. ದ್ವಿತೀಯ ಬಹುಮಾನವೂ ಬಂತು.

ಆ ಸಂಜೆ ನನ್ನ ಮಾಮ ಮನೆಗೆ ಬಂದಿದ್ದರು. ಅವರು ಟ್ರಾಲ್ ಬೋಟಿನ ತಂಡೇಲ. ಉಮ್ಮ ನನ್ನ ಬಹುಮಾನದ ಸುದ್ದಿ ಹೇಳಿದರು. ನಾನು ಮಾತಾಡಿದ್ದು ಏನೆಂದು ಕೇಳಿ ಮಾಮ ನಕ್ಕು, "ಎಂಥ ಮಾರಾಯ್ತಿ, ಉಪಗ್ರಹ ಬೇಡ ಅಂದ್ರೆ ನಾವು ಮೀನಿಗೆ ಎಲ್ಲಿ ಹೋಗುವುದು?" ಎಂದು ತಮ್ಮ ಮೊಬೈಲ್ ತೆಗೆದು ತೋರಿಸಿದರು. ಯಾವ ದಿಕ್ಕಿಗೆ, ಎಷ್ಟು ದೂರಕ್ಕೆ, ಎಷ್ಟು ಆಳದ ನೀರಿನಲ್ಲಿ ಮೀನು ಸಿಗುವ ಸಾಧ್ಯತೆ ಹೆಚ್ಚು ಎಂಬ ಮಾಹಿತಿ ಅದರಲ್ಲಿತ್ತು, ಕನ್ನಡದಲ್ಲೇ.

ಆಮೇಲೆ ಇದರ ಬಗ್ಗೆ ಓದಿದೆ. ಹೈದರಾಬಾದಿನ ಇನ್‌ಕಾಯ್ಸ್ ಎಂಬ ಸರಕಾರಿ ಸಂಸ್ಥೆ ಈ ಮುನ್ಸೂಚನೆ ಕೊಡುತ್ತದೆ. ಉಪಗ್ರಹಗಳು ಸಮುದ್ರದ ಮೇಲ್ಮೈಯ ಉಷ್ಣತೆಯನ್ನೂ ನೀರಿನ ಬಣ್ಣವನ್ನೂ ಅಳೆಯುತ್ತವೆ. ಬಣ್ಣದಿಂದ ಕ್ಲೋರೋಫಿಲ್ ಎಷ್ಟಿದೆ ಎಂದು ತಿಳಿಯುತ್ತದೆ. ಬಿಸಿ ನೀರು, ತಣ್ಣೀರು ಸೇರುವ ಕಡೆ ಸೂಕ್ಷ್ಮ ಸಸ್ಯಗಳು ಹೆಚ್ಚು ಬೆಳೆಯುತ್ತವೆ. ಅದನ್ನು ತಿನ್ನಲು ಸಣ್ಣ ಮೀನು, ಅದನ್ನು ತಿನ್ನಲು ದೊಡ್ಡ ಮೀನು ಬರುತ್ತವೆ. ಮೋಡ ಕವಿದ ದಿನ ಈ ಮಾಹಿತಿ ಸರಿಯಾಗಿ ಸಿಗುವುದಿಲ್ಲ. ಸಿಕ್ಕ ದಿನವೂ ಬಲೆ ತುಂಬುತ್ತದೆ ಎಂಬ ಖಾತ್ರಿ ಇಲ್ಲ. "ಆದ್ರೆ ಸುಮ್ಮನೆ ಹುಡುಕಿ ಸುತ್ತುವುದು ಕಡಿಮೆ, ಡೀಸೆಲ್ ಉಳಿಯುತ್ತದೆ" ಎನ್ನುತ್ತಾರೆ ಮಾಮ.

ಹಾಗಾದರೆ ನಾನು ವೇದಿಕೆಯಲ್ಲಿ ಹೇಳಿದ್ದು ತಪ್ಪೇ? ಅರ್ಧ ತಪ್ಪು. ಅದನ್ನು ಒಪ್ಪಿಕೊಳ್ಳಲೆಂದೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಲೆಕ್ಕ ನೋಡೋಣ. 2024-25ರ ಕೇಂದ್ರ ಬಜೆಟ್ ಸುಮಾರು 48 ಲಕ್ಷ ಕೋಟಿ ರೂಪಾಯಿಯದ್ದು. ಅದರಲ್ಲಿ ಬಾಹ್ಯಾಕಾಶ ಇಲಾಖೆಗೆ ಇಟ್ಟದ್ದು ಸುಮಾರು 13 ಸಾವಿರ ಕೋಟಿ. ಅಂದರೆ ನೂರು ರೂಪಾಯಿಯಲ್ಲಿ 27 ಪೈಸೆ. ಶಿಕ್ಷಣ ಸಚಿವಾಲಯಕ್ಕೆ ಇಟ್ಟದ್ದು 1.20 ಲಕ್ಷ ಕೋಟಿ. ಚಂದ್ರಯಾನ-3ರ ಖರ್ಚನ್ನು 140 ಕೋಟಿ ಜನರಿಗೆ ಹಂಚಿದರೆ ತಲೆಗೆ ನಾಲ್ಕೂವರೆ ರೂಪಾಯಿಯೂ ಆಗುವುದಿಲ್ಲ. ನಮ್ಮ ಕ್ಯಾಂಟೀನಿನಲ್ಲಿ ಅದಕ್ಕೆ ಒಂದು ಬನ್ಸ್ ಕೂಡ ಸಿಗದು. ರಾಕೆಟ್ ಹಾರಿಸದೆ ಉಳಿಸಿದ ದುಡ್ಡು ತಾನಾಗಿಯೇ ಶಾಲೆಗೆ ಬರುತ್ತದೆ ಎಂಬುದಕ್ಕೂ ಆಧಾರವಿಲ್ಲ. ನಾನು ಓದಿದ ಪ್ರಾಥಮಿಕ ಶಾಲೆಯಲ್ಲಿ ಎರಡು ವರ್ಷ ವಿಜ್ಞಾನಕ್ಕೆ ಶಿಕ್ಷಕರೇ ಇರಲಿಲ್ಲ. ಅದಕ್ಕೆ ಚಂದ್ರಯಾನ ಕಾರಣವಲ್ಲ. ಕೇಳಬೇಕಾದವರು ಕೇಳದೆ ಇದ್ದದ್ದು ಕಾರಣ.

ಎರಡನೆಯದು, ಶಾಲೆ ಮತ್ತು ರಾಕೆಟ್ ಶತ್ರುಗಳಲ್ಲ. ಸೂರ್ಯನನ್ನು ಅಧ್ಯಯನ ಮಾಡುವ ಆದಿತ್ಯ-ಎಲ್1 ನೌಕೆ 2023ರ ಸೆಪ್ಟೆಂಬರ್ 2ರಂದು ಹೊರಟು, ಭೂಮಿಯಿಂದ 15 ಲಕ್ಷ ಕಿ.ಮೀ. ದೂರದ ತನ್ನ ಜಾಗವನ್ನು 2024ರ ಜನವರಿ 6ರಂದು ತಲುಪಿತು. ಅದರ ಯೋಜನಾ ನಿರ್ದೇಶಕಿ ನಿಗಾರ್ ಶಾಜಿ, ತಮಿಳುನಾಡಿನ ಸೆಂಗೋಟ್ಟೈ ಎಂಬ ಸಣ್ಣ ಊರಿನಲ್ಲಿ ಶಾಲೆ ಓದಿದ ಕೃಷಿಕರ ಮಗಳು. ಆ ಊರಿನಲ್ಲಿ ಹೆಣ್ಣುಮಕ್ಕಳಿಗೆ ಒಳ್ಳೆಯ ಶಾಲೆ ಇಲ್ಲದಿದ್ದರೆ ಆದಿತ್ಯಕ್ಕೆ ಆ ನಿರ್ದೇಶಕಿ ಸಿಗುತ್ತಿರಲಿಲ್ಲ. ಬಾಹ್ಯಾಕಾಶ ಬೇಕು ಎನ್ನುವವರು ಮೊದಲು ಶಾಲೆ ಬೇಕು ಎನ್ನಬೇಕು.

ಇನ್ನು ನಾನು ಹಿಂದೆ ತೆಗೆದುಕೊಳ್ಳದ ಅರ್ಧದ ಬಗ್ಗೆ. ನಮ್ಮ ರಾಕೆಟ್ ಕಥೆ ಶುರುವಾದದ್ದು ಕೇರಳದ ತಿರುವನಂತಪುರದ ಬಳಿಯ ತುಂಬಾ ಎಂಬ ಮೀನುಗಾರರ ಹಳ್ಳಿಯಲ್ಲಿ. ಅಲ್ಲಿನ ಕುಟುಂಬಗಳು ತಮ್ಮ ಮನೆ, ನೆಲ, ಚರ್ಚ್ ಬಿಟ್ಟುಕೊಟ್ಟರು. ಚರ್ಚ್ ಕಟ್ಟಡವೇ ವಿಜ್ಞಾನಿಗಳ ಕಚೇರಿಯಾಯಿತು. ಅಬ್ದುಲ್ ಕಲಾಂ ಅವರೂ ಅಲ್ಲಿ ಕೆಲಸ ಮಾಡಿದವರು. 1963ರ ನವೆಂಬರ್ 21ರಂದು ಮೊದಲ ರಾಕೆಟ್ ಅಲ್ಲಿಂದ ಹಾರಿತು.

54 ವರ್ಷಗಳ ನಂತರ, 2017ರ ನವೆಂಬರ್ ಕೊನೆಗೆ ಅದೇ ಕರಾವಳಿಗೆ ಓಖಿ ಚಂಡಮಾರುತ ಬಂತು. ಆಗಲೇ ಆಳಸಮುದ್ರಕ್ಕೆ ಹೋಗಿದ್ದ ಬೋಟುಗಳಿಗೆ ಸುದ್ದಿ ಮುಟ್ಟಲಿಲ್ಲ. ಮೊಬೈಲ್ ಸಿಗ್ನಲ್ ದಡದಿಂದ 10-12 ಕಿ.ಮೀ. ದಾಟಿದರೆ ಇರುವುದಿಲ್ಲ. ತಿರುವನಂತಪುರ, ಕನ್ಯಾಕುಮಾರಿ ಕಡೆಯ ಎಷ್ಟೋ ಮೀನುಗಾರರು ಮರಳಿ ಬರಲಿಲ್ಲ. ಉಪಗ್ರಹ ಮೇಲಿತ್ತು, ಆದರೆ ಬೋಟಿನಲ್ಲಿ ಅದರ ಮಾತು ಕೇಳುವ ಯಂತ್ರ ಇರಲಿಲ್ಲ. ಉಪಗ್ರಹದಿಂದ ನೇರವಾಗಿ ಎಚ್ಚರಿಕೆ ಪಡೆಯುವ 'ಜೆಮಿನಿ' ಎಂಬ ಸಾಧನ ಬಿಡುಗಡೆಯಾದದ್ದು 2019ರಲ್ಲಿ. ರಾಕೆಟ್ಟಿಗೆ ಮೊದಲು ನೆಲ ಕೊಟ್ಟವರ ಕರಾವಳಿಗೇ ಅದರ ಫಲ ತಡವಾಗಿ ತಲುಪಿತು ಎಂಬುದು ನನ್ನನ್ನು ಕಾಡುತ್ತದೆ.

ಸರಿಯಾಗಿ ತಲುಪಿಸಿದರೆ ಏನಾಗುತ್ತದೆ ಎಂಬುದಕ್ಕೆ ಒಡಿಶಾ ಸಾಕ್ಷಿ. 1999ರ ಚಂಡಮಾರುತದಲ್ಲಿ ಅಲ್ಲಿ ಸುಮಾರು 10 ಸಾವಿರ ಜನ ಸತ್ತರು. 2013ರ ಫೈಲಿನ್‌ನಲ್ಲಿ ಸತ್ತವರು 50ಕ್ಕಿಂತ ಕಡಿಮೆ. ಉಪಗ್ರಹದ ಚಿತ್ರ ಒಂದೇ ಇದಕ್ಕೆ ಕಾರಣವಲ್ಲ. ಮುನ್ಸೂಚನೆ ನಂಬಿ ಲಕ್ಷಾಂತರ ಜನರನ್ನು ಮೊದಲೇ ಸ್ಥಳಾಂತರಿಸಿದ ಆಡಳಿತ, ಅವರಿಗಾಗಿ ಕಟ್ಟಿದ ಆಶ್ರಯ ಕಟ್ಟಡಗಳು ಎಲ್ಲ ಸೇರಿ ಜೀವ ಉಳಿಸಿದವು.

ಮೀನಿಗೂ ಮಳೆಗೂ ಉಪಗ್ರಹ ಸರಿ, ಚಂದ್ರನಿಂದ ಏನು ಲಾಭ ಎಂದು ಕೇಳಿದರೆ, ಇವತ್ತೇ ತೋರಿಸುವ ಲಾಭ ನನ್ನ ಬಳಿ ಇಲ್ಲ. ಚಂದ್ರನಲ್ಲಿ ನೀರಿನ ಅಂಶವಿದೆ ಎಂದು ಚಂದ್ರಯಾನ-1ರ ಉಪಕರಣಗಳು ಕಂಡುಕೊಂಡದ್ದರಿಂದ ನಮ್ಮ ಮನೆಯ ನಲ್ಲಿಗೆ ನೀರು ಬರಲಿಲ್ಲ. ತಿಳಿಯುವುದಕ್ಕೂ ಒಂದು ಬೆಲೆ ಇದೆ, ತಲೆಗೆ ನಾಲ್ಕೂವರೆ ರೂಪಾಯಿ ಅದಕ್ಕೆ ಹೆಚ್ಚಲ್ಲ ಎಂದು ಈಗ ಅನಿಸುತ್ತದೆ. ಮನುಷ್ಯರನ್ನು ಕಳಿಸುವ ಗಗನಯಾನದ ವಿಷಯ ಬೇರೆ. ಅದಕ್ಕೆ ಒಪ್ಪಿಗೆಯಾದ ಮೊತ್ತ 20,193 ಕೋಟಿ. ಯಂತ್ರಗಳೇ ಮಾಡಬಹುದಾದ ಕೆಲಸಕ್ಕೆ ಮನುಷ್ಯರು ಯಾಕೆ ಎಂದು ಅಲ್ಲಿ ಗಟ್ಟಿಯಾಗಿ ಕೇಳಲೇಬೇಕು. ಹಾಗೆ ಕೇಳಿದವರನ್ನು ದೇಶದ ಬಗ್ಗೆ ಅಭಿಮಾನ ಇಲ್ಲದವರು ಎನ್ನಬಾರದು.

ಸ್ಪರ್ಧೆಯಲ್ಲಿ ಎದುರು ಪಕ್ಷದ ಗೆಳತಿ ಒಂದು ಮಾತು ಹೇಳಿದ್ದಳು: ಖರ್ಚು ದೊಡ್ಡದಾದ ಮಾತ್ರಕ್ಕೆ ದುಂದು ಆಗುವುದಿಲ್ಲ, ಪ್ರಯೋಜನ ಇಲ್ಲದ ಖರ್ಚು ದುಂದು. ಅಂದು ಅದಕ್ಕೆ ನಾನು ಉತ್ತರ ಕೊಡಲಿಲ್ಲ, ಗಂಟೆ ಹೊಡೆಯಿತು. ಇಂದು ಕೊಡುತ್ತೇನೆ. ನೀನು ಹೇಳಿದ್ದು ಸರಿ. ಆದರೆ ಪ್ರಯೋಜನವನ್ನು ಶ್ರೀಹರಿಕೋಟಾದಲ್ಲಿ ಅಳೆಯಬಾರದು, ಧಕ್ಕೆಯಲ್ಲಿ ಅಳೆಯಬೇಕು. ಕೊನೆಯ ಬೋಟಿಗೂ ಎಚ್ಚರಿಕೆ ಮುಟ್ಟಿತೇ, ಕೊನೆಯ ಶಾಲೆಗೂ ವಿಜ್ಞಾನ ಶಿಕ್ಷಕರು ಬಂದರೇ ಎಂದು ನೋಡಬೇಕು.

ಬಹುಮಾನವನ್ನು ಮಾತ್ರ ವಾಪಸ್ ಕೊಡುವುದಿಲ್ಲ. ಉಮ್ಮ ಅದನ್ನು ಆಗಲೇ ಶೋಕೇಸಿನಲ್ಲಿ ಇಟ್ಟಾಗಿದೆ.

— ದ್ವಿತೀಯ ಪಿಯುಸಿ ವಿಜ್ಞಾನ ವಿಭಾಗದ ವಿದ್ಯಾರ್ಥಿನಿ