ಕಷಾಯ ಕುಡೀರಿ, ಡಾಕ್ಟರಿಗೂ ಹೇಳಿ

ಜೂನ್ ಬಂತಂದ್ರೆ ಹ್ಯಾಮಿಲ್ಟನ್‌ನಲ್ಲಿ ಚಳಿ. ರೊಟೊಟೂನದಲ್ಲಿ ನಾವು ಹಂಚಿಕೊಂಡಿರುವ ಮನೆಯ ಒಲೆ ಮೇಲೆ ಆಗ ಎರಡು ಪಾತ್ರೆ ಕುದಿಯುತ್ತವೆ. ನನ್ನದರಲ್ಲಿ ಶುಂಠಿ, ಮೆಣಸು, ಜೀರಿಗೆ. ಚೀನಾದ ಗೆಳೆಯನದರಲ್ಲಿ ಶುಂಠಿ, ಕಂದು ಸಕ್ಕರೆ, ಮತ್ತೆ ನಮ್ಮ ಎಲಚಿ ಹಣ್ಣಿನ ಬಳಗದ್ದೇ ಒಂದು ಒಣಗಿದ ಕೆಂಪು ಹಣ್ಣು. ನಮ್ಮ ಹಾಗೇ ಅವರೂ ತಿನ್ನೋ ಪದಾರ್ಥಗಳನ್ನು ಉಷ್ಣ, ಶೀತ ಅಂತ ವಿಂಗಡಿಸುತ್ತಾರೆ. ನಾವು "ಊಟ ಬಲ್ಲವನಿಗೆ ರೋಗವಿಲ್ಲ" ಅಂದ್ರೆ, ಅವರು ಆಹಾರಕ್ಕೂ ಔಷಧಿಗೂ ಮೂಲ ಒಂದೇ ಅಂತಾರೆ.

ಆದರೆ ಈ ಮಾತನ್ನು ನಾವೆಲ್ಲ ಅರ್ಧ ಮಾತ್ರ ನಂಬ್ತೀವಿ ಅನ್ನೋದು ನನ್ನ ಅಭಿಪ್ರಾಯ. ಗುಣ ಮಾಡುವ ಶಕ್ತಿ ಇರುವ ವಸ್ತುವಿಗೆ ಕೆಡುಕು ಮಾಡುವ ಶಕ್ತಿಯೂ ಇರಬಹುದಲ್ಲ? ಆದರೂ ಕ್ಲಿನಿಕ್‌ನಲ್ಲಿ "ಬೇರೆ ಏನಾದ್ರೂ ಔಷಧಿ ತಗೋತಿದೀರಾ?" ಅಂತ ಕೇಳಿದ್ರೆ, ಊರಿಂದ ಬಂದ ಲೇಹ್ಯ, ಚೂರ್ಣ, ಮಾತ್ರೆ ಯಾವುದೂ ನಮಗೆ ನೆನಪಾಗಲ್ಲ.

ಒಂದು ಉದಾಹರಣೆ ನೋಡಿ. ಹಳೆಯ ಚೀನೀ ವೈದ್ಯಗ್ರಂಥದ ಸುಳಿವು ಹಿಡಿದು, ಚಿಂಗ್‌ಹಾವ್ ಗಿಡದಿಂದ ಮಲೇರಿಯಾ ಔಷಧಿ ಆರ್ಟಿಮಿಸಿನಿನ್ ಕಂಡುಹಿಡಿದ ತು ಯುಯು ಅವರಿಗೆ 2015ರಲ್ಲಿ ನೊಬೆಲ್ ಬಂತು. ಅದೇ ಗಿಡದ ಸಾರವನ್ನು ಕ್ಯಾಪ್ಸೂಲ್ ಮಾಡಿ ನ್ಯೂಜಿಲೆಂಡ್‌ನಲ್ಲಿ ಕೀಲುಗಳಿಗೆ ಒಳ್ಳೇದು ಅಂತ ಮಾರುತ್ತಿದ್ದರು. ಅದರಿಂದ ಲಿವರ್‌ಗೆ ಹಾನಿಯಾಗಬಹುದು ಅಂತ 2018ರಲ್ಲಿ ಇಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಮೆಡ್‌ಸೇಫ್ ಎಚ್ಚರಿಸಿತು. ಅದೇ ವರ್ಷ ನಮ್ಮ ಅರಿಶಿನದ ಸರದಿಯೂ ಬಂತು: ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ತಗೊಳ್ಳುವವರು ಅರಿಶಿನದ ಮಾತ್ರೆಯನ್ನೂ ನುಂಗಿದರೆ ರಕ್ತಸ್ರಾವದ ಅಪಾಯ ಹೆಚ್ಚಬಹುದು ಅಂತ.

ಹಾಗಂತ ಸಾರಿಗೆ ಹಾಕೋ ಚಿಟಿಕೆ ಅರಿಶಿನಕ್ಕೆ ಹೆದರಬೇಕಿಲ್ಲ. ಭಾರದ ಲೆಕ್ಕ ಹಾಕದೆ ಯಾವ ಎಂಜಿನಿಯರೂ ತೊಲೆ ಇಡಲ್ಲ. ಇದೂ ಪ್ರಮಾಣದ ಲೆಕ್ಕವೇ. ಕ್ಯಾಪ್ಸೂಲ್‌ನಲ್ಲಿರೋದು ಭಟ್ಟಿ ಇಳಿಸಿದಷ್ಟು ಗಟ್ಟಿ ಸಾರ. ಮೈಗೆ ಚೆನ್ನಾಗಿ ಹತ್ತಲಿ ಅಂತ ಎಷ್ಟೋ ಕಂಪನಿಗಳು ಅದಕ್ಕೆ ಮೆಣಸಿನ ಸಾರವನ್ನೂ ಬೆರೆಸುತ್ತವೆ. ಅಜ್ಜಿಯ ಒಗ್ಗರಣೆ ಡಬ್ಬಿಗೂ ಅದಕ್ಕೂ ಹೋಲಿಕೆಯೇ ಇಲ್ಲ.

"ಇಲ್ಲಿಯ ಡಾಕ್ಟರಿಗೆ ಇದೆಲ್ಲ ಅರ್ಥ ಆಗಲ್ಲ ಬಿಡೋ" ಅನ್ನೋ ಗೆಳೆಯರಿದ್ದಾರೆ. ನಾವು ಬಾಯಿಬಿಡದೆ ಅವರಿಗೆ ಹೇಗೆ ಅರ್ಥ ಆಗಬೇಕು? ಡಬ್ಬಿಯ ಲೇಬಲ್ಲಿನ ಫೋಟೋ ತೆಗೆದು ಫೋನ್‌ನಲ್ಲಿಟ್ಟುಕೊಳ್ಳಿ, ಕೇಳಿದಾಗ ತೋರಿಸಿ. ಫೀಸು ದುಬಾರಿ ಅಂತ ಇಳಿಯದ ಜ್ವರಕ್ಕೂ ಕಷಾಯವನ್ನೇ ನಂಬಿ ಮಲಗಬೇಡಿ. ಹೆಲ್ತ್‌ಲೈನ್‌ಗೆ ದಿನದ 24 ಗಂಟೆಯೂ ಉಚಿತವಾಗಿ ಫೋನ್ ಮಾಡಬಹುದು. ನಮ್ಮ ಮನೆಮದ್ದಿನ ಮೇಲೆ ನಮಗೆ ನಿಜವಾಗಿ ಗೌರವ ಇದ್ದರೆ, ಅದನ್ನೂ ಔಷಧಿಯ ಪಟ್ಟಿಯಲ್ಲೇ ಬರೆಯೋಣ.