ಒಂದು ಅಗುಳಿನ ಪರೀಕ್ಷೆಯೂ ಮಕ್ಕಳ ಔಷಧವೂ

ಮಧ್ಯಪ್ರದೇಶದ ಛಿಂದ್ವಾಡಾ ಜಿಲ್ಲೆಯಲ್ಲಿ 2025ರ ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಎಳೆಯ ಮಕ್ಕಳು ಮೂತ್ರಪಿಂಡ ಕೆಟ್ಟು ತೀರಿಕೊಂಡರು. ಅವರಿಗೆ ಬಂದಿದ್ದುದು ಸಾಮಾನ್ಯ ಶೀತ, ಜ್ವರ. ಅದಕ್ಕೆಂದು ಕುಡಿಸಿದ ಔಷಧವೇ ವಿಷವಾಯಿತು. ತಮಿಳುನಾಡಿನ ಕಾಂಚೀಪುರಂ ಜಿಲ್ಲೆಯಲ್ಲಿ ತಯಾರಾದ ‘ಕೋಲ್ಡ್ರಿಫ್’ ಎಂಬ ಆ ಸಿರಪ್ಪಿನ ಒಂದು ಬ್ಯಾಚಿನಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷವಸ್ತು ನೂರಕ್ಕೆ 48.6ರಷ್ಟಿದೆಯೆಂದು ಆ ರಾಜ್ಯದ ಔಷಧ ನಿಯಂತ್ರಣ ಇಲಾಖೆ ಕಂಡುಹಿಡಿಯಿತು. ಇರಬಹುದಾದ ಮಿತಿ ನೂರಕ್ಕೆ 0.1 ಮಾತ್ರ. ಕೇರಳ ಸರಕಾರವೂ ಅಕ್ಟೋಬರ್ ಮೊದಲ ವಾರದಲ್ಲಿಯೇ ಅದರ ಮಾರಾಟವನ್ನು ತಡೆಹಿಡಿಯಿತು.

ಮಂಜೇಶ್ವರದಿಂದ ಕಾಸರಗೋಡಿನವರೆಗೆ ನಮ್ಮ ಪ್ರತಿ ಪೇಟೆಯಲ್ಲೂ ಔಷಧದ ಅಂಗಡಿಯಿದೆ. ಮಗುವಿಗೆ ಕೆಮ್ಮು ಬಂದರೆ ನಾವು ಅಲ್ಲಿಗೇ ಓಡುತ್ತೇವೆ. ಆದ್ದರಿಂದ ಈ ದುರಂತವನ್ನು ದೂರದೂರಿನ ಸುದ್ದಿಯೆಂದು ಮಡಚಿಡುವಂತಿಲ್ಲ. ಕಾರ್ಖಾನೆಯಲ್ಲಿ ಗುಣಮಟ್ಟವನ್ನು ಹೇಗೆ ಕಾಯುತ್ತಾರೆ, ಆ ಕಾವಲು ಎಲ್ಲಿ ತಪ್ಪಿತು ಎಂಬುದನ್ನು ನಾವು ಅರಿತಿರಬೇಕು.

ತಯಾರಾದ ಬಾಟಲಿಗಳನ್ನೆಲ್ಲ ಒಡೆದು ಪರೀಕ್ಷಿಸಿದರೆ ಮಾರಲು ಏನೂ ಉಳಿಯದು. ಹಾಗಾಗಿ ಕೆಲವನ್ನು ಮಾತ್ರ ಆರಿಸಿ ನೋಡುವುದು ವಾಡಿಕೆ. ಇದಕ್ಕೆ ಮಾದರಿ ಪರೀಕ್ಷೆ ಎನ್ನುತ್ತಾರೆ. ನಮ್ಮ ತಾಯಂದಿರು ಒಂದು ಅಗುಳನ್ನು ಹಿಸುಕಿ ಇಡೀ ಪಾತ್ರೆಯ ಅನ್ನ ಬೆಂದಿದೆಯೇ ಎಂದು ತಿಳಿಯುವುದೂ ಇದೇ. ಆದರೆ ಅಡಿಕೆ ಮೂಟೆಗೆ ಈ ಲೆಕ್ಕ ನಡೆಯದು. ಮೇಲೆ ಒಳ್ಳೆಯದಿದ್ದು ಅಡಿಯಲ್ಲಿ ಕೆಟ್ಟದ್ದಿರಬಹುದು. ಆದ್ದರಿಂದ ನಾಲ್ಕು ಕಡೆಯಿಂದ ಹಿಡಿ ತೆಗೆದು ನೋಡಬೇಕು. ನೂರಕ್ಕೆ ಒಂದರಂತೆ ಕೆಟ್ಟ ವಸ್ತುವಿರುವ ದೊಡ್ಡ ರಾಶಿಯಿಂದ ಹತ್ತನ್ನು ಆರಿಸಿದರೆ, ಹತ್ತೂ ಒಳ್ಳೆಯದೇ ಸಿಗುವ ಸಂಭವ ನೂರಕ್ಕೆ 90ರಷ್ಟಿರುತ್ತದೆ. ಎಂದರೆ ಬಿಡಿ ದೋಷಗಳು ಸಣ್ಣ ಮಾದರಿಯ ಕಣ್ಣಿಗೆ ಬೀಳುವುದು ಕಷ್ಟ.

ತಯಾರಿಕೆ ನಡೆಯುತ್ತಿರುವಾಗಲೇ ಎಚ್ಚರಿಸುವ ಇನ್ನೊಂದು ಸಾಧನವೆಂದರೆ ನಿಯಂತ್ರಣ ನಕ್ಷೆ. ಅಮೆರಿಕದ ಬೆಲ್ ಟೆಲಿಫೋನ್ ಸಂಸ್ಥೆಯಲ್ಲಿದ್ದ ವಾಲ್ಟರ್ ಶೂಹಾರ್ಟ್ 1924ರಲ್ಲಿ ಇದನ್ನು ರೂಪಿಸಿದರು. ಹಾಲಿನ ಸೊಸೈಟಿಯ ಉದಾಹರಣೆ ನೋಡೋಣ. ಒಂದೇ ಹಸುವಿನ ಹಾಲಿನ ಕೊಬ್ಬು ದಿನಕ್ಕಿಷ್ಟು ಏರಿಳಿಯುತ್ತದೆ; ಇಂದು 4.0, ನಾಳೆ 4.1, ನಾಡಿದ್ದು 3.9. ಇದು ಸಹಜ. ಒಂದು ದಿನ ಇದ್ದಕ್ಕಿದ್ದಂತೆ 3.0 ಬಂದರೆ ಏನೋ ನಡೆದಿದೆಯೆಂದೇ ಅರ್ಥ. ಸಹಜವಾದ ಏರಿಳಿತಕ್ಕೆ ಮೇಲೊಂದು ಕೆಳಗೊಂದು ಗೆರೆ ಎಳೆದು, ಪ್ರತಿ ಮಾದರಿಯ ಅಳತೆಯನ್ನು ಚುಕ್ಕಿಯಾಗಿ ಗುರುತಿಸುತ್ತ ಹೋಗುವುದೇ ಈ ನಕ್ಷೆ. ಚುಕ್ಕಿ ಗೆರೆ ದಾಟಿದರೆ ಯಂತ್ರ ನಿಲ್ಲಿಸಿ ಕಾರಣ ಹುಡುಕಬೇಕು. ಎಲ್ಲವೂ ಸರಿಯಿದ್ದಾಗ ಅಕಸ್ಮಾತ್ತಾಗಿ ಗೆರೆ ದಾಟುವ ಸಂಭವ ಸಾವಿರಕ್ಕೆ ಸುಮಾರು ಮೂರು ಮಾತ್ರ. ಪ್ರೊ. ಮಹಲನೋಬಿಸರು 1931ರಲ್ಲಿ ಕಲ್ಕತ್ತೆಯಲ್ಲಿ ಸ್ಥಾಪಿಸಿದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆ ಈ ವಿದ್ಯೆಯನ್ನು ನಮ್ಮ ಕಾರ್ಖಾನೆಗಳಿಗೆ ಕಲಿಸಿತು. ಸ್ವತಃ ಶೂಹಾರ್ಟರೇ 1947-48ರಲ್ಲಿ ಇಲ್ಲಿಗೆ ಬಂದಿದ್ದರು. ಆದುದರಿಂದ ನಮ್ಮ ದೇಶಕ್ಕೆ ಇದು ಗೊತ್ತಿರದ ವಿದ್ಯೆಯೇನೂ ಅಲ್ಲ.

ಹಾಗಾದರೆ ತಪ್ಪಿದ್ದೆಲ್ಲಿ? ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ನಕ್ಷೆ ತಾನು ಅಳೆದುದನ್ನಷ್ಟೇ ಹೇಳಬಲ್ಲದು. ಬಾಟಲಿಯ ತುಂಬಳತೆಯನ್ನೋ ಔಷಧದ ಅಂಶವನ್ನೋ ಮಾತ್ರ ಅಳೆಯುತ್ತಿದ್ದರೆ ಚುಕ್ಕಿಗಳೆಲ್ಲ ಗೆರೆಯೊಳಗೇ ಇರಬಹುದು. ವಿಷ ಮಾತ್ರ ಬಾಟಲಿಯೊಳಗೇ ಉಳಿದಿರುತ್ತದೆ. ಡೈಎಥಿಲೀನ್ ಗ್ಲೈಕಾಲಿಗೆ ಬಣ್ಣವಿಲ್ಲ, ರುಚಿ ಸಿಹಿ. ಸಿರಪ್ಪಿಗೆ ಬಳಸುವ ಪ್ರೊಪಿಲೀನ್ ಗ್ಲೈಕಾಲ್ ಅಥವಾ ಗ್ಲಿಸರಿನ್ನಿನ ಪೀಪಾಯಿಯಲ್ಲಿ ಅದು ಸೇರಿದ್ದರೆ ನೋಡಿ, ಮೂಸಿ ತಿಳಿಯುವಂತಿಲ್ಲ. ಆದರೆ ಹೀಗೆ ಸೇರಿದ ವಿಷ ಅನ್ನದ ಅಗುಳಿನಂತೆ, ಇಡೀ ಬ್ಯಾಚಿಗೆ ಸಮನಾಗಿ ಹರಡುತ್ತದೆ. ಪೀಪಾಯಿಯಿಂದ ತೆಗೆದ ಒಂದು ಮಾದರಿ, ಇಲ್ಲವೇ ಬ್ಯಾಚಿನ ಒಂದೇ ಬಾಟಲಿಯ ಸರಿಯಾದ ಪರೀಕ್ಷೆ ಸಾಕಿತ್ತು. ಆ ಒಂದು ಪರೀಕ್ಷೆಯನ್ನು ಸಕಾಲದಲ್ಲಿ ಮಾಡಿ ಬ್ಯಾಚನ್ನು ತಡೆದವರಿಲ್ಲ.

ಇದು ಮೊದಲ ಪಾಠವೂ ಅಲ್ಲ. ಇದೇ ವಿಷದಿಂದ 1937ರಲ್ಲಿ ಅಮೆರಿಕದಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು. 1986ರಲ್ಲಿ ಮುಂಬಯಿಯ ಜೆ. ಜೆ. ಆಸ್ಪತ್ರೆಯಲ್ಲಿ ಕಲಬೆರಕೆ ಗ್ಲಿಸರಿನ್ 14 ಮಂದಿಯನ್ನು ಬಲಿ ತೆಗೆದುಕೊಂಡಿತು. 2022ರಲ್ಲಿ ಆಫ್ರಿಕದ ಗ್ಯಾಂಬಿಯಾದಲ್ಲಿ ಸುಮಾರು 70 ಮಕ್ಕಳು ಸತ್ತಾಗ ಭಾರತದಲ್ಲಿ ತಯಾರಾದ ಸಿರಪ್ಪುಗಳ ಮೇಲೆ ಬೆರಳು ತೋರಿತು. ಆ ಬಳಿಕ 2023ರ ಜೂನ್ 1ರಿಂದ ಕೇಂದ್ರ ಸರಕಾರ ರಫ್ತಾಗುವ ಕೆಮ್ಮಿನ ಸಿರಪ್ಪುಗಳಿಗೆ ಮುಂಗಡ ಪ್ರಯೋಗಾಲಯ ಪರೀಕ್ಷೆಯನ್ನು ಕಡ್ಡಾಯ ಮಾಡಿತು. ಛಿಂದ್ವಾಡಾದ ಮಕ್ಕಳು ಕುಡಿದ ಔಷಧಕ್ಕೆ ಆ ಕಟ್ಟಳೆ ಅನ್ವಯಿಸುತ್ತಿರಲಿಲ್ಲ. ಅದು ದೇಶದೊಳಗೆ ಮಾರುವಂಥದ್ದು. ಪರದೇಶದ ಮಗುವಿಗೊಂದು ಕಾವಲು, ನಮ್ಮ ಮಗುವಿಗೆ ಇನ್ನೊಂದು ಎಂಬುದನ್ನು ಯಾವ ತಾಯಿ ಒಪ್ಪಿಯಾಳು? ಔಷಧ ತಯಾರಿಕೆಯ ಪರಿಷ್ಕೃತ ನಿಯಮಗಳಿಗೂ, ಅರ್ಜಿ ಸಲ್ಲಿಸಿದ ಸಣ್ಣ ಮತ್ತು ಮಧ್ಯಮ ಕಾರ್ಖಾನೆಗಳಿಗೆ 2025ರ ಡಿಸೆಂಬರ್ 31ರವರೆಗೆ ಗಡುವು ಬೆಳೆದಿತ್ತು.

ಸಣ್ಣ ಕಾರ್ಖಾನೆಗಳಿಗೆ ಖರ್ಚಿನ ಹೊರೆ ಇದೆಯೆಂಬ ವಾದವನ್ನು ನಾವು ತಳ್ಳಿಹಾಕುವುದಿಲ್ಲ. ಅವುಗಳ ಅಗ್ಗದ ಔಷಧ ಬಡವರಿಗೆ ಬೇಕು. ಆದರೆ ಪ್ರತಿ ಪೀಪಾಯಿಯ ಪರೀಕ್ಷೆಯನ್ನು ಖರ್ಚಿನ ಹೆಸರಿನಲ್ಲಿ ಬಿಡುವಂತಿಲ್ಲ. ಖರ್ಚು ತಾಳಲಾರದವರಿಗೆ ಸರಕಾರಿ ಪ್ರಯೋಗಾಲಯಗಳು ನೆರವಾಗಲಿ.

ನಮ್ಮ ಪಾಲಿನ ಕೆಲಸವೂ ಇದೆ. ವೈದ್ಯರ ಚೀಟಿಯಿಲ್ಲದೆ ಮಕ್ಕಳಿಗೆ ಕೆಮ್ಮಿನ ಔಷಧ ಕೊಳ್ಳಬಾರದು. ಬಿಲ್ಲನ್ನು ಕೇಳಿ ಪಡೆದು, ಬಾಟಲಿಯ ಬ್ಯಾಚ್ ಸಂಖ್ಯೆಯೊಡನೆ ತೆಗೆದಿಡಬೇಕು. ಔಷಧವನ್ನು ಹಿಂತೆಗೆದುಕೊಳ್ಳುವ ಪ್ರಕಟಣೆ ಬಂದಾಗ ಕೈಯಲ್ಲಿರುವ ಗುರುತು ಅದೊಂದೇ. ಆ ಪ್ರಕಟಣೆಗಳು ಈ ಜಿಲ್ಲೆಯಲ್ಲಿ ಮಲಯಾಳದೊಡನೆ ಕನ್ನಡದಲ್ಲೂ ಅದೇ ದಿನ ಹೊರಬೀಳಬೇಕು. ಕನ್ನಡವಷ್ಟೇ ಓದಬಲ್ಲ ಅಜ್ಜಿ ಮೊಮ್ಮಗುವಿಗೆ ಔಷಧ ಕುಡಿಸುವ ಮನೆಗಳು ನಮ್ಮಲ್ಲಿ ಎಷ್ಟೋ ಇವೆ. ಸಂಬಂಧಪಟ್ಟವರು ಇದನ್ನು ಭಾಷೆಯ ಹಟವೆಂದು ಬಗೆಯದೆ, ಮಕ್ಕಳ ಪ್ರಾಣದ ಪ್ರಶ್ನೆಯೆಂದು ಕಾಣಬೇಕೆಂಬುದು ನಮ್ಮ ಕೋರಿಕೆ.